ಉಕ್ಕಿನ ಗುರಿ ಕಟ್ಟುವ ಮುಂಚೆ ಪ್ಲೇಟ್ ನೋಡಿ

ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆ ನಮ್ಮದೊಂದು ಫ್ಯಾಬ್ರಿಕೇಶನ್ ಶೆಡ್ ಇದೆ. ಟಿಪ್ಪರ್ ಬಾಡಿ ಕೆಲಸವೇ ಜಾಸ್ತಿ. ನಾನೂ .22 ರೈಫಲ್ (ಸಣ್ಣ ಗುಂಡಿನದು) ಹೊಡೆಯುವವನು, ಹಾಗಾಗಿ ಶೂಟಿಂಗ್ ರೇಂಜಿನ ಗೆಳೆಯರು ಗುರಿ ಪ್ಲೇಟ್ ಮಾಡಿಸಲು ನನ್ನ ಹತ್ತಿರವೇ ಬರುತ್ತಾರೆ. ಬಂದವರೆಲ್ಲ ಮೊದಲು ಕೇಳುವುದು ದಪ್ಪದ ಬಗ್ಗೆ. ನಾನು ಮೊದಲು ಹೇಳುವುದು ಗಡಸುತನದ ಬಗ್ಗೆ.

ಸೀಸದ ಗುಂಡು ಗಡಸಾದ, ಸಪಾಟಾದ ಪ್ಲೇಟಿಗೆ ಬಡಿದರೆ ಪುಡಿಯಾಗುತ್ತದೆ. ಆ ಪುಡಿ ಹೆಚ್ಚಾಗಿ ಪ್ಲೇಟಿನ ಮುಖದ ಗುಂಟ ಪಕ್ಕಕ್ಕೆ, ಮೇಲಕ್ಕೆ, ಕೆಳಕ್ಕೆ ಚಿಮ್ಮುತ್ತದೆ. ಅದು ಎಲ್ಲಿ ಹೋಗುತ್ತದೆ ಅಂತ ಗೊತ್ತಿದ್ದರೆ ತಡೆಯಬಹುದು. ಸಾಮಾನ್ಯ ಎಂ.ಎಸ್. (ಮೈಲ್ಡ್ ಸ್ಟೀಲ್, ಮೆತ್ತನೆಯ ಉಕ್ಕು) ಪ್ಲೇಟಿನಲ್ಲಿ ಇದು ಕೆಡುತ್ತದೆ. ಅದರ ಗಡಸುತನ ಸುಮಾರು 120ರಿಂದ 150 ಬ್ರಿನೆಲ್ (ಗಡಸುತನದ ಅಳತೆ) ಅಷ್ಟೇ. ರೈಫಲ್ ಗುಂಡು ಬಿದ್ದಲ್ಲಿ ತಗ್ಗಾಗುತ್ತದೆ, ಸುತ್ತ ಅಂಚು ಎದ್ದು ನಿಲ್ಲುತ್ತದೆ. ಮುಂದಿನ ಗುಂಡು ಆ ತಗ್ಗಿನೊಳಗೆ ಬಿದ್ದರೆ ಅದರ ಗೋಡೆಗೆ ತಿರುಗಿ ಹೊಡೆದವನ ಕಡೆಗೇ ವಾಪಸ್ ಬರಬಹುದು. ಅದಕ್ಕೇ ನಾನು ಎಂ.ಎಸ್. ಪ್ಲೇಟನ್ನು ಬಂದೂಕಿಗೆ ಕೊಡುವುದಿಲ್ಲ, ಎಷ್ಟೇ ದಪ್ಪ ಇದ್ದರೂ.

ಬೇಕಾದ್ದು ಸುಮಾರು 500 ಬ್ರಿನೆಲ್ ಗಡಸುತನದ ಪ್ಲೇಟ್. ಹೊರದೇಶದಲ್ಲಿ ಇದಕ್ಕೆ ಎಆರ್500 ಅನ್ನುತ್ತಾರೆ. ನಮ್ಮಲ್ಲಿ ಟಿಪ್ಪರ್ ತಳಕ್ಕೆ, ಕ್ರಷರ್ ಲೈನರಿಗೆ ಹಾಕುವ ಹಾರ್ಡಾಕ್ಸ್ 500 ಅದೇ ಜಾತಿಯದು. ಬಾಡಿ ಕಟ್ಟುವ ಶೆಡ್‌ಗಳಲ್ಲಿ ಉಳಿದ ತುಂಡು ಸಿಗುತ್ತದೆ. ಆದರೆ ಗುಜರಿಯಲ್ಲಿ ಕಪ್ಪಗಿರುವ ಪ್ಲೇಟೆಲ್ಲ ಹಾರ್ಡಾಕ್ಸ್ ಅಂತಲೇ ಮಾರಾಟವಾಗುತ್ತದೆ. ಉಕ್ಕಿನ ಕಾರ್ಖಾನೆ ಕೊಡುವ ಮಿಲ್ ಟೆಸ್ಟ್ ಸರ್ಟಿಫಿಕೇಟ್ ಕೇಳಿ, ಅದರ ಹೀಟ್ ನಂಬರ್ (ಉಕ್ಕು ಕರಗಿಸಿದ ತಂಡದ ಸಂಖ್ಯೆ) ಪ್ಲೇಟಿನ ಮೇಲಿನ ನಂಬರಿಗೆ ತಾಳೆ ಆಗುತ್ತಾ ನೋಡಿ. ತುಂಡಿನ ಮೇಲೆ ನಂಬರ್ ಇಲ್ಲದಿದ್ದರೆ ಅಂಚಿಗೆ ಅರ (ಫೈಲ್) ಹಾಕಿ ಎಳೆಯಿರಿ. ಎಂ.ಎಸ್. ಆದರೆ ಅರ ಸಲೀಸಾಗಿ ಕಚ್ಚಿ ಪುಡಿ ಉದುರಿಸುತ್ತದೆ. ಗಡಸು ಪ್ಲೇಟಿನ ಮೇಲೆ ಹೆಚ್ಚಾಗಿ ಜಾರುತ್ತದೆ, ಕಷ್ಟಪಟ್ಟು ಸ್ವಲ್ಪವೇ ಕಚ್ಚುತ್ತದೆ, ಕೈಗೇ ಗೊತ್ತಾಗುತ್ತದೆ. ಇಷ್ಟಾದರೂ ಅನುಮಾನ ಇದ್ದರೆ ಬ್ರಿನೆಲ್ ಅಥವಾ ರಾಕ್‌ವೆಲ್ ಟೆಸ್ಟ್ ಮಾಡಿಸಿ, ಇಲ್ಲಾ ಅದನ್ನು ಬಿಡಿ.

ದಪ್ಪ 10 ಮಿ.ಮೀ. ಸಾಕು. 200 ಮಿ.ಮೀ. ಅಗಲದ ಗುಂಡನೆಯ ಪ್ಲೇಟು ಆಗ ಸುಮಾರು ಎರಡೂವರೆ ಕಿಲೋ ಬರುತ್ತದೆ, ಒಬ್ಬರೇ ಹೊತ್ತು ನೇತುಹಾಕಬಹುದು. ಲೇಸರ್ ಅಥವಾ ವಾಟರ್‌ಜೆಟ್‌ನಲ್ಲಿ ಕತ್ತರಿಸಿ. ಗ್ಯಾಸ್ ಕಟಿಂಗ್ ಬೇಡ, ಮುಖದ ಮೇಲೆ ವೆಲ್ಡಿಂಗ್ ಅಂತೂ ಬೇಡವೇ ಬೇಡ. ಈ ಪ್ಲೇಟು 250 ಡಿಗ್ರಿ ದಾಟಿ ಕಾದರೆ ಗಡಸುತನ ಇಳಿಯುತ್ತದೆ. ವೆಲ್ಡ್ ಪಕ್ಕದ ಜಾಗದಲ್ಲಿ ಅದೇ ತಗ್ಗುಗಳು ಶುರುವಾಗುತ್ತವೆ.

ಇನ್ನು ನೇತುಹಾಕುವುದು. ಇದರಲ್ಲಿ ಸರಪಳಿ, ಐ-ಬೋಲ್ಟ್ ಯಾವುದೂ ಗುಂಡಿಗೆ ಎದುರಾಗಬಾರದು. ನಾನು ಹಳೆಯ ಕನ್ವೇಯರ್ ಬೆಲ್ಟಿನ ಪಟ್ಟಿ ಬಳಸುತ್ತೇನೆ. ಪಟ್ಟಿ ಪ್ಲೇಟಿನ ಹಿಂದೆ ಬರಬೇಕು, ಎರಡರ ನಡುವೆ ದಪ್ಪ ವಾಷರ್‌ಗಳು. ಬೋಲ್ಟಿನ ತಲೆ ಉಬ್ಬಿದ ಗುಂಡಗಿನದು. ಹೀಗೆ ಹಿಂದಿನಿಂದ ತೂಗಿದಾಗ ಪ್ಲೇಟಿನ ಕೆಳಭಾಗ ಹಿಂದೆ ಸರಿದು ಮೇಲ್ಭಾಗ ಮುಂದಕ್ಕೆ ಬಾಗುತ್ತದೆ. ಸುಮಾರು 20 ಡಿಗ್ರಿ ಬಾಗು ಸಿಗುವವರೆಗೆ ವಾಷರ್ ಸೇರಿಸಿ. ಆಗ ಚೂರುಗಳು ಜಾಸ್ತಿ ನೆಲಕ್ಕೇ ಬಡಿಯುತ್ತವೆ. ಕಂಬಕ್ಕೆ ನೀಲಗಿರಿ ಗಳ ಒಳ್ಳೆಯದು. ಆ್ಯಂಗಲ್ ಕಂಬ ಹಾಕಲೇಬೇಕೆಂದರೆ ಅದರ ಮೂಲೆ ಹೊಡೆಯುವವನ ಕಡೆ ಇರಲಿ.

ಪ್ಲೇಟಿನ ಹಿಂದೆ ಗುಂಡು ತಡೆಯಲು ಹಾಕುವ ಒಡ್ಡಿನ ಮಣ್ಣು ಕಲ್ಲಿಲ್ಲದ್ದಾಗಿರಬೇಕು. ಗದಗ, ನವಲಗುಂದ ಕಡೆಯ ಎರೆಮಣ್ಣಿನಲ್ಲಿ ಕಲ್ಲು ಕಡಿಮೆ, ಅದು ಒಳ್ಳೆಯದು. ಆದರೆ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆ ಬಿದ್ದರೆ ಕುಸಿಯುತ್ತದೆ. ಮಳೆಗಾಲ ಮುಗಿದ ಕೂಡಲೇ ಎತ್ತರ ಸರಿಮಾಡಿಸಿ. ಗುಡ್ಡದ ಬಂಡೆಯನ್ನೇ ಒಡ್ಡು ಅಂದುಕೊಳ್ಳಬೇಡಿ. ಬಂಡೆಗೆ ಬಡಿದ ಗುಂಡು ಯಾವ ಕಡೆ ಹಾರುತ್ತದೋ ಹೇಳಲಾಗದು.

ದೂರ: ಪಿಸ್ತೂಲಿಗೆ ಕನಿಷ್ಠ 10 ಮೀಟರ್, .22 ರೈಫಲಿಗೆ 25, ದೊಡ್ಡ ರೈಫಲಿಗೆ 100. ಇನ್ನೂ ದೂರ ನಿಂತರೆ ಒಳ್ಳೆಯದೇ. ಸ್ಟೀಲ್ ಕೋರ್ (ಒಳಗೆ ಉಕ್ಕು ಇರುವ) ಗುಂಡು, ಸೆಕೆಂಡಿಗೆ 900 ಮೀಟರ್ ದಾಟುವ ಗುಂಡು ಬೇಡ. ಇವು ಗಡಸು ಪ್ಲೇಟನ್ನೂ ಕೆಡಿಸುತ್ತವೆ. ಆಯಸ್ಕಾಂತಕ್ಕೆ ಅಂಟುವ ಗುಂಡನ್ನು ನಾನು ಪ್ಲೇಟಿಗೆ ಹೊಡೆಯುವುದೇ ಇಲ್ಲ. ಏರ್‌ಗನ್ನಿಗೆ ಸೀಸದ ಪೆಲೆಟ್ ಆದರೆ 3 ಮಿ.ಮೀ. ಎಂ.ಎಸ್. ತಗಡು ನಡೆಯುತ್ತದೆ, 10 ಮೀಟರ್ ದೂರದಿಂದ. ಉಕ್ಕಿನ ಬಿಬಿ (ಏರ್‌ಗನ್ನಿನ ಸಣ್ಣ ಗೋಲಿ) ಗುಂಡು ಮಾತ್ರ ಬೇಡ. ಅದು ಒಡೆಯುವುದಿಲ್ಲ, ಇಡಿಯಾಗಿ ಪುಟಿದು ಬರುತ್ತದೆ.

ಕಣ್ಣಿಗೆ ಪಾಲಿಕಾರ್ಬೊನೇಟ್ ಕನ್ನಡಕ, ಪಕ್ಕವೂ ಮುಚ್ಚುವಂಥದ್ದು. ಹೊಡೆಯುವವನಿಗಷ್ಟೇ ಅಲ್ಲ, ಹಿಂದೆ ನಿಂತು ಸುಮ್ನೆ ನೋಡುವವರಿಗೂ, ಸ್ಕೋರ್ ಬರೆಯುವ ಹುಡುಗನಿಗೂ. ಗುಂಡಿನ ಹೊರಗಿನ ತಾಮ್ರದ ಹೊದಿಕೆಯ (ಜಾಕೆಟ್) ಚೂರು ಬ್ಲೇಡಿನಷ್ಟು ಹರಿತ ಇರುತ್ತದೆ. ಕಿವಿಗೂ ಮಫ್ ಹಾಕಿ. ಇದೆಲ್ಲ ಲೈಸನ್ಸ್ ಇರುವ ಬಂದೂಕಿಗೆ, ಲೈಸನ್ಸ್ ಇರುವ ರೇಂಜಿಗೆ ಮಾತ್ರ ಹೇಳಿದ್ದು. ಬೆಳೆ ಕಾಯಲು ಕೊಟ್ಟ ಲೈಸನ್ಸ್ ಇಟ್ಟುಕೊಂಡು ಹೊಲದ ಬದುವಿನಲ್ಲಿ ಪ್ಲೇಟ್ ಕಟ್ಟಬೇಡಿ.

ಪ್ರತಿ ಸಲ ಹೊಡೆಯುವ ಮುಂಚೆ ಪ್ಲೇಟ್ ಪರೀಕ್ಷಿಸಿ. ಒಳ್ಳೆಯ ಪ್ಲೇಟಿನ ಮೇಲೆ ಗುಂಡಿನ ಗುರುತು ಬೂದಿ ಬಣ್ಣದ ನಕ್ಷತ್ರದ ಹಾಗೆ ಇರುತ್ತದೆ, ಬಟ್ಟೆಯಿಂದ ಒರೆಸಿದರೆ ಕೆಳಗೆ ಸಪಾಟು. ಗ್ಲೌಸ್ ಹಾಕಿಕೊಂಡು ಒಂದು ಪ್ಲಾಸ್ಟಿಕ್ ಕಾರ್ಡಿನ ಅಂಚನ್ನು ಮುಖದ ಮೇಲೆ ಎಳೆಯಿರಿ. ಎಲ್ಲಾದರೂ ತಡೆದರೆ ಆ ಪ್ಲೇಟಿನ ಕೆಲಸ ಮುಗಿಯಿತು. ಬಿರುಕು ಬಿಟ್ಟರೆ, ಬಾಗಿದರೆ, "ಠಣ್" ಅನ್ನುವ ಶಬ್ದ "ಡಬ್" ಆದರೆ ಇಳಿಸಿ. ಬಾಗಿದ್ದನ್ನು ತಿರುಗಿಸಿ ಹೊಡೆಯುವುದೂ ಬೇಡ.

ಮುಗಿದ ಮೇಲೆ ತಣ್ಣೀರು, ಸೋಪಿನಿಂದ ಕೈ ತೊಳೆಯಿರಿ, ಆಮೇಲೆ ಗಿರಮಿಟ್ಟು, ಚಹಾ. ಪ್ಲೇಟಿನ ಕೆಳಗೆ ಉದುರಿರುವುದು ಸೀಸ, ಅದನ್ನು ಒಣ ಕಸಬರಿಗೆಯಲ್ಲಿ ಗುಡಿಸಿ ಧೂಳೆಬ್ಬಿಸಬೇಡಿ. ಒಡ್ಡಿನ ಹುಲ್ಲಿಗೆ ದನ ಬಿಡಬೇಡಿ.

ಕೆಟ್ಟ ಪ್ಲೇಟನ್ನು ಹಾಗೇ ಗುಜರಿಗೆ ಹಾಕಿದರೆ ಇನ್ಯಾರೋ ತಂದು ನೇತುಹಾಕುತ್ತಾರೆ, ಅಲ್ವಾ? ನಡುವೆ ಕತ್ತರಿಸಿ ಎರಡು ಮಾಡಿ ಕೊಡಿ. ರೇಂಜಿನ ಗೆಳೆಯರು ಶೆಡ್ಡಿಗೆ ತಂದರೆ ನಾನೇ ಕತ್ತರಿಸಿಕೊಡುತ್ತೇನೆ, ಅದಕ್ಕೆ ದುಡ್ಡು ಬೇಡ.