ಆಷಾಢದಲ್ಲೂ ಸೊಗಡಿನ ಹಿತಕಿದ ಬೇಳೆ ಸಾರು: ನಾನು ಮಾಡಿದ ರೀತಿ

ಅವರೆಕಾಳನ್ನು ಫ್ರೀಜರ್‌ನಲ್ಲಿಟ್ಟು ನೋಡದ ಅಡುಗೆಯವರು ಬೆಂಗಳೂರಿನಲ್ಲಿ ಯಾರೂ ಇಲ್ಲ ಅನ್ನಿಸುತ್ತದೆ. ಎಲ್ಲರೂ ಇಡುತ್ತಾರೆ, ಏಪ್ರಿಲ್ ಹೊತ್ತಿಗೆ ತೆಗೆದು ಸಾರು ಮಾಡುತ್ತಾರೆ, ಹುಲ್ಲಿನ ವಾಸನೆ ಬಂತು ಅಂತ ಕೈಬಿಡುತ್ತಾರೆ. ನಮ್ಮ ಅತ್ತೆ ಅಂತೂ ಮೊದಲೇ ಹೇಳಿಬಿಟ್ಟಿದ್ದರು: "ಅವರೆ ಕಾಲ ಮುಗಿದರೆ ಮುಗೀತು. ಸುಮ್ನೆ ದುಡ್ಡು ಹಾಳು ಮಾಡ್ಬೇಡ." ನನ್ನ ಹಾಗೆಯೇ ಮನೆಯಿಂದ ಊಟ ಕೊಡುವ ಗೆಳತಿಯ ಮಾತೂ ಅದೇ. ಬಣ್ಣ ಉಳಿಸಬಹುದು ಕಣೇ, ಸೊಗಡು ಉಳಿಸೋಕೆ ಆಗಲ್ಲ ಅಂದಳು.

ಆಗುತ್ತದೆ. ಹೋದ ಆಷಾಢದಲ್ಲಿ ಕೊಟ್ಟ ಸಾರನ್ನು ಉಂಡವರು ಯಾರೂ ಅದನ್ನು ಫ್ರೀಜರ್‌ ಕಾಳು ಅಂತ ಗುರುತಿಸಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ನಾನು ವಿಜಯನಗರದ ಮನೆಯಿಂದ ಭಾನುವಾರ ಮಾತ್ರ ಮುದ್ದೆ ಊಟ ಕೊಡುತ್ತೇನೆ. ಬಸ್ಸಾರು, ಉಪ್ಪೆಸರು, ಮಸೊಪ್ಪು ಸರದಿಯಲ್ಲಿ ಬರುತ್ತವೆ. ಆದರೆ ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಹಿತಕಿದ ಬೇಳೆ, ಅಂದರೆ ಒತ್ತಿ ಸಿಪ್ಪೆ ಬಿಡಿಸಿದ ಅವರೆಕಾಳಿನ ಸಾರು ಇದ್ದ ವಾರ ಆರ್ಡರ್ ಹೆಚ್ಚುಕಮ್ಮಿ ಎರಡರಷ್ಟಾಗುತ್ತದೆ. ಶಿವರಾತ್ರಿ ಕಳೆದ ಮೇಲೂ "ಅವರೆ ಯಾವಾಗ?" ಅನ್ನುವ ಫೋನು ನಿಲ್ಲುವುದಿಲ್ಲ. ಈ ಊರಿನ ಅವರೆ ಹುಚ್ಚು ನಿಮಗೆ ಗೊತ್ತೇ ಇದೆ. ಸಜ್ಜನ್ ರಾವ್ ಸರ್ಕಲ್ ತಿಂಡಿ ಬೀದಿಯಲ್ಲಿ ನಡೆಯುತ್ತಿದ್ದ ಅವರೆಬೇಳೆ ಮೇಳಕ್ಕೆ ಜಾಗ ಸಾಲದೆ ನ್ಯಾಷನಲ್ ಕಾಲೇಜು ಮೈದಾನಕ್ಕೆ ಹೋಗಬೇಕಾಯಿತು.

ವರ್ಷವಿಡೀ ಸಿಗುವ ಅವರೆ ಇದೆಯಲ್ಲ, ಅದರಲ್ಲೇ ಮಾಡಬಾರದಾ ಅಂತ ಕೇಳುವವರಿದ್ದಾರೆ. ನಮ್ಮ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳಿಗೆ ಕಾಲದ ಹಂಗಿಲ್ಲ, ಯಾವಾಗ ಬಿತ್ತಿದರೂ ಕಾಯಿ ಬಿಡುತ್ತವೆ. ನಾಟಿ ಅವರೆ ಹಾಗಲ್ಲ, ಹಗಲು ಕಿರಿದಾದಾಗಲೇ ಹೂ ಬಿಡುವುದು. ರೈತರಿಗೆ ಹೊಸ ತಳಿಯಿಂದ ಅನುಕೂಲ ಆಗಿದೆ, ಅದರಲ್ಲಿ ಎರಡು ಮಾತಿಲ್ಲ. ಹುಳಿಗೆ, ಪಲ್ಯಕ್ಕೆ ನಾನೂ ಅದನ್ನೇ ಹಾಕುತ್ತೇನೆ. ಆದರೆ ಜೂನ್‌ನಲ್ಲಿ ಆ ಕಾಯಿ ತಂದು ಹಿತಕಿ ಸಾರು ಮಾಡಿದಾಗ ಮಸಾಲೆ ಘಮ ಬಂತು, ಅವರೆ ಘಮ ಬರಲಿಲ್ಲ. ಚಳಿ, ಇಬ್ಬನಿ ಬಿದ್ದ ಕಾಯಿಯ ಸೊಗಡೇ ಬೇರೆ.

ಮೊದಲ ವರ್ಷ ಹಸಿ ಕಾಳನ್ನು ಹಾಗೇ ಕವರಿಗೆ ಹಾಕಿಟ್ಟೆ, ಎಲ್ಲರೂ ಮಾಡುವಂತೆ. ಎರಡು ತಿಂಗಳಿಗೇ ಒಣಹುಲ್ಲಿನ ವಾಸನೆ, ಸಿಪ್ಪೆ ಕಂದು. ನಾಲ್ಕೈದು ಕೆಜಿ ಕಾಳು ಹೋಯಿತು. ಮರುವರ್ಷ ಕುದಿಯುವ ನೀರಿಗೆ ಒಂದೆರಡು ನಿಮಿಷ ಹಾಕಿ, ತಕ್ಷಣ ಐಸ್ ನೀರಿಗೆ ಇಳಿಸಿ, ಒರೆಸಿ ಇಟ್ಟೆ. ಬಣ್ಣ ನೋಡಬೇಕಿತ್ತು, ಮೇ ತಿಂಗಳಲ್ಲೂ ಹಚ್ಚ ಹಸಿರು. ಬಾಯಿಗಿಟ್ಟರೆ ಸಪ್ಪೆ. ಗೆಳತಿ ಹೇಳಿದ್ದು ಇದನ್ನೇ. ಆ ಎರಡು ವರ್ಷದಲ್ಲಿ ಕಾಯಿ, ಆಟೋ, ಬಿಡಿಸಿದ ಕೂಲಿ ಎಲ್ಲ ಸೇರಿ ಏಳೆಂಟು ಸಾವಿರ ನೀರಿಗೆ ಹೋಯಿತು.

ಉಪಾಯ ಹೊಳೆದದ್ದು ಕಾಯಿ ಬಿಡಿಸುವಾಗ. ನಾಟಿ ಅವರೆ ಬಿಡಿಸಿದರೆ ಕೈಗೆ ಜಿಡ್ಡು ಅಂಟುತ್ತದೆ, ಅಲ್ವಾ? ಸೋಪು ಹಾಕಿ ತೊಳೆದರೂ ರಾತ್ರಿವರೆಗೆ ಬೆರಳು ಘಮಘಮ ಅನ್ನುತ್ತದೆ. ಸೊಗಡು ಇರುವುದು ಕಾಯಿ ಸಿಪ್ಪೆಯ ಮೇಲಿನ ಆ ಜಿಡ್ಡಿನಲ್ಲಿ. ನಮ್ಮ ಕೈ ಅದನ್ನು ಕಾಳಿಗೆ ಮೆತ್ತುತ್ತದೆ. ನಾವೇ ಮತ್ತೆ ಅದನ್ನು ನೀರಲ್ಲಿ ತೊಳೆದು, ಕುದಿಸಿ, ಐಸ್ ನೀರಲ್ಲಿ ಅದ್ದಿ ಕಳೆಯುತ್ತೇವೆ. ಬಿಡಿಸಿಟ್ಟ ಕಾಳು ಕೊಂಡರೆ ಸೊಗಡು ಕಡಿಮೆ ಬರುವುದೂ ಇದಕ್ಕೇ ಅಂತ ನನ್ನ ನಂಬಿಕೆ. ಮಾರುವವರು ನೀರು ಚಿಮುಕಿಸುತ್ತಲೇ ಇರುತ್ತಾರೆ.

ಹಾಗಾಗಿ ಕಾಳಿಗೆ ನೀರು ಸೋಕಿಸುವುದನ್ನೇ ಬಿಟ್ಟೆ. ಕುದಿಸುವ ಬದಲು ಹಬೆ. ಇಡ್ಲಿ ಪಾತ್ರೆ ಎಲ್ಲರ ಮನೆಯಲ್ಲೂ ಇದೆ.

ಈಗ ಮಾಡುವುದು ಹೀಗೆ. ಸಂಕ್ರಾಂತಿ ಆಸುಪಾಸಿನ ವಾರಗಳಲ್ಲಿ ಬೆಳಗಿನ ಜಾವ ಕೆ.ಆರ್. ಮಾರ್ಕೆಟ್ಟಿಗೆ ಹೋಗುತ್ತೇನೆ. ಮಾಗಡಿ ಕಡೆಯ ಕಾಯಿ ನನಗೆ ಇಷ್ಟ, ಕೋಲಾರ, ಚಿಂತಾಮಣಿ ಕಡೆಯದೂ ಚೆನ್ನಾಗಿರುತ್ತದೆ. ರಾಶಿಗೆ ಕೈ ಹಾಕಿ ಉಜ್ಜಿ ಮೂಸುತ್ತೇನೆ. ಬೆರಳು ಅಂಟಂಟಾಗದಿದ್ದರೆ ಬೆಲೆ ಎಷ್ಟೇ ಕಡಿಮೆ ಇದ್ದರೂ ಮುಂದಕ್ಕೆ. ಕಳೆದ ಸಲ ಕೆಜಿಗೆ 45-50 ರೂಪಾಯಿ ಕೊಟ್ಟ ನೆನಪು. ಎರಡು ಮೂರು ಕಂತಿನಲ್ಲಿ ಒಟ್ಟು 60 ಕೆಜಿ ತಂದೆ.

ಕಾಯಿ ತೊಳೆಯುವುದಿಲ್ಲ. ಮಣ್ಣಿದ್ದರೆ ಒಣಬಟ್ಟೆಯಲ್ಲಿ ಒರೆಸುತ್ತೇವೆ, ಅಷ್ಟೇ. ತಂದ ದಿನವೇ ಬಿಡಿಸಬೇಕು. ಬೀದಿಯ ಇಬ್ಬರು ಹೆಂಗಸರು ಜೊತೆಗೆ ಕೂರುತ್ತಾರೆ, ಕಾಳಿನ ಲೆಕ್ಕದಲ್ಲಿ ಕೆಜಿಗೆ 40 ರೂಪಾಯಿ ಕೊಡುತ್ತೇನೆ. ಮಧ್ಯೆ ಕೈ ತೊಳೆಯಬೇಡಿ ಅಂದಾಗ ಮೊದಲು ನಕ್ಕರು. ಈಗ ಅವರೇ ಒಬ್ಬರಿಗೊಬ್ಬರು ನೆನಪಿಸುತ್ತಾರೆ. ಹುಳ ಕಂಡರೆ ಆ ಕಾಯನ್ನೇ ಪೂರ್ತಿ ಆಚೆಗೆ, ಅರ್ಧ ಕಾಯಿ ಉಳಿಸುವ ಆಸೆ ಬೇಡ. ಬಿಡಿಸಿದ ಕಾಳಿನ ಮೇಲೆ ಒಳ್ಳೆ ಜಿಡ್ಡಿರುವ ಕಾಯಿ ಸಿಪ್ಪೆ ಎರಡು ಹಿಡಿ ಹಾಕಿ ಮೆಲ್ಲಗೆ ಉಜ್ಜಿ, ಸಿಪ್ಪೆ ತೆಗೆದುಬಿಡುತ್ತೇನೆ. ಇದೊಂದರಿಂದಲೇ ಘಮ ಎಷ್ಟು ಏರುತ್ತದೆ ಅಂತ ಮಾಡಿ ನೋಡಿ.

ಎಳೆಕಾಳು, ಬಲಿತ ಕಾಳು ಬೇರೆ ಮಾಡಲೇಬೇಕು. ಇಡ್ಲಿ ಪಾತ್ರೆಯ ನೀರು ಜೋರಾಗಿ ಕುದಿಯುತ್ತಿರುವಾಗ ಬಟ್ಟೆ ಹಾಸಿದ ತಟ್ಟೆಯಲ್ಲಿ ಕಾಳು ಹರಡಿ ಮುಚ್ಚುತ್ತೇನೆ. ಎರಡು ಕಾಳಿಗಿಂತ ದಪ್ಪ ಪದರ ಬೇಡ. ಎಳೆಯದಕ್ಕೆ ಮೂರು ನಿಮಿಷ, ಬಲಿತದ್ದಕ್ಕೆ ನಾಲ್ಕರ ಹತ್ತಿರ. ಐದು ದಾಟಿದರೆ ಬೇಯಲು ಶುರುವಾಗಿ ಮುಂದೆ ಸಾರಿನಲ್ಲಿ ಕರಗುತ್ತದೆ. ಹಸಿರು ಹೊಳೆಯಬೇಕು, ಸಿಪ್ಪೆ ಸ್ವಲ್ಪ ಸಡಿಲ ಆಗಬೇಕು, ಕಚ್ಚಿದರೆ ಒಳಗೆ ಹಸಿಯೇ ಇರಬೇಕು. ಬಟ್ಟೆಯ ಕೆಳಗೆ ಒಂದು ಸೊಪ್ಪು ಹಾಸುತ್ತೇನೆ. ಯಾವ ಸೊಪ್ಪು ಅನ್ನುವುದು ನನ್ನ ಹತ್ತಿರವೇ ಇರಲಿ. ಸೊಪ್ಪಿಲ್ಲದೆಯೂ ಕೆಲಸ ನಡೆಯುತ್ತದೆ.

ಐಸ್ ನೀರು ಇಲ್ಲವೇ ಇಲ್ಲ. ಪುಸ್ತಕದ ಲೆಕ್ಕಕ್ಕೆ ಇದು ತಪ್ಪು, ಗೊತ್ತು. ಹಳೆ ಪಂಚೆ ಮೇಲೆ ಕಾಳು ಹರಡಿ ಫ್ಯಾನ್ ಜೋರಾಗಿ ಹಾಕುತ್ತೇನೆ. ಜನವರಿಯ ಚಳಿಗೆ ಬೇಗ ಆರುತ್ತದೆ. ಪಸೆ ಪೂರ್ತಿ ಹೋದ ಮೇಲೆ ಸ್ಟೀಲ್ ತಟ್ಟೆಗಳಲ್ಲಿ ಒಂದೇ ಪದರವಾಗಿ ಫ್ರೀಜರ್‌ಗೆ. ಬೆಳಗ್ಗೆ ಗೋಲಿಯ ಹಾಗೆ ಬಿಡಿಬಿಡಿಯಾಗಿರುತ್ತದೆ. ಅರ್ಧ ಅರ್ಧ ಕೆಜಿ ಜಿಪ್ ಕವರಿಗೆ ತುಂಬಿ, ಗಾಳಿ ಒತ್ತಿ ತೆಗೆದು, ಮೇಲೆ ತಾರೀಕು ಬರೆದಿಡುತ್ತೇನೆ.

ಗಮನಿಸಿ, ಇಡುವುದು ಸಿಪ್ಪೆ ಇರುವ ಕಾಳು. ಹಿತಕಿ ಇಡುವುದಿಲ್ಲ. ಹಿತಕಿದ ಬೇಳೆಯನ್ನೂ ಇಟ್ಟು ನೋಡಿದ್ದೆ, ಅಂಚು ಒಡೆದು ಪುಡಿಯಾಯಿತು. ಸಿಪ್ಪೆ ಇದ್ದರೆ ಬೇಳೆಗೆ ಅದೇ ಹೊದಿಕೆ. ಇನ್ನೊಂದು ಲಾಭ ನಾನು ಎಣಿಸಿಯೇ ಇರಲಿಲ್ಲ. ಹೆಪ್ಪುಗಟ್ಟಿದ ಕಾಳನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಬಿಟ್ಟರೆ ಸಾಕು, ಒತ್ತಿದರೆ ಬೇಳೆ ಪುಸಕ್ ಅಂತ ಹೊರಗೆ. ರಾತ್ರಿಯಿಡೀ ನೆನೆಸುವ ಕೆಲಸವೇ ಇಲ್ಲ. ಜನವರಿಯಲ್ಲಿ ಹೆಬ್ಬೆರಳು ನೋಯುವಷ್ಟು ಹಿತಕುವ ಬದಲು ವಾರವಾರ ಬೇಕಾದಷ್ಟು ಹಿತಕಿಕೊಳ್ಳುತ್ತೇನೆ. ಆ ನೀರನ್ನು ಚೆಲ್ಲಬೇಡಿ, ಬಟ್ಟೆಯಲ್ಲಿ ಸೋಸಿ ಸಾರಿಗೇ ಹಾಕಿ.

ಸಾರು ನಿಮಗೆಲ್ಲ ಬರುತ್ತದೆ. ಎರಡು ಮಾತು ಮಾತ್ರ. ಈ ಬೇಳೆಯನ್ನು ಕುಕ್ಕರ್‌ಗೆ ಹಾಕಬೇಡಿ. ಮಸಾಲೆ ಕುದಿದು ಎಣ್ಣೆ ಬಿಟ್ಟ ಮೇಲೆ ಬೇಳೆ ಹಾಕಿ, ಎಂಟು ಹತ್ತು ನಿಮಿಷದಲ್ಲಿ ಆಗಿಹೋಗುತ್ತದೆ. ಚಕ್ಕೆ ಲವಂಗದ ಕೈ ಹಿಡಿತದಲ್ಲಿರಲಿ, ಜಾಸ್ತಿಯಾದರೆ ಇಷ್ಟು ಕಷ್ಟಪಟ್ಟು ಉಳಿಸಿದ ಸೊಗಡು ಮುಚ್ಚಿಹೋಗುತ್ತದೆ. ಗಸಗಸೆಯ ಬದಲು ನಾನು ಹಾಕುವುದು ಬೇರೆ, ಅದನ್ನೂ ಹೇಳುವುದಿಲ್ಲ.

ಮಾಗಡಿ ಕಡೆಯ ಹಿರಿಯರೊಬ್ಬರು ನನ್ನ ಹಳೆ ಗಿರಾಕಿ. ಆಷಾಢದ ಭಾನುವಾರ ಊಟ ತಗೊಂಡು ಹೋದವರು ಸಂಜೆ ಡಬ್ಬಿ ವಾಪಸ್ ತಂದಾಗ ಕೇಳಿದರು: "ಏನಮ್ಮಾ, ಈ ಕಾಲದಲ್ಲಿ ಸೊನೆ ಅವರೆ ಎಲ್ಲಿ ಸಿಕ್ತು ನಿನಗೆ? ನಮ್ಮ ಊರಲ್ಲೇ ಇಲ್ವಲ್ಲ." ಪೊಟ್ಟಣ ತೆಗೆದು ತೋರಿಸಿದೆ. ಕವರ್ ಮೂಸಿ ನೋಡಿ, ಮುಂದಿನ ವಾರಕ್ಕೆ ನಾಲ್ಕು ಊಟ ಹೇಳಿ ಹೋದರು. ಅತ್ತೆ ಅಡುಗೆಮನೆಯಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡರು. ಈ ಜನವರಿಯಲ್ಲಿ ಹಬೆ ಪಾತ್ರೆಯ ಮುಂದೆ ಗಡಿಯಾರ ನೋಡುತ್ತಾ ಕೂತವರು ಅವರೇ.

ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. 60 ಕೆಜಿ ಕಾಯಿಗೆ ಸುಮಾರು 3000, ಆಟೋ 500-600, ಬಿಡಿಸುವುದಕ್ಕೆ 1000 ಹತ್ತಿರ, ಕವರು ಗ್ಯಾಸು ಸೇರಿ ಇನ್ನೊಂದು 500. ಕಾಳು ಸಿಕ್ಕಿದ್ದು 25 ಕೆಜಿ ಆಸುಪಾಸು, ಹಿತಕಿದ ಮೇಲೆ 18 ಕೆಜಿ ಬೇಳೆ ಅಂದುಕೊಳ್ಳಿ. ಸೆಕೆಂಡ್ ಹ್ಯಾಂಡ್ ಡೀಪ್ ಫ್ರೀಜರ್‌ಗೆ ಒಂಬತ್ತು ಸಾವಿರ ಚಿಲ್ಲರೆ ಕೊಟ್ಟಿದ್ದೆ, ತಿಂಗಳಿಗೆ 300 ರೂಪಾಯಿಯಷ್ಟು ಕರೆಂಟ್ ತಿನ್ನುತ್ತದೆ. ಅದರಲ್ಲಿ ಹಸಿ ಬಟಾಣಿ, ತೆಂಗಿನತುರಿಯೂ ಇರುವುದರಿಂದ ಅರ್ಧ ಖರ್ಚು ಮಾತ್ರ ಅವರೆಗೆ ಹಾಕುತ್ತೇನೆ. ಒಂದು ಊಟಕ್ಕೆ 65-70 ಗ್ರಾಂ ಬೇಳೆ ಬೇಕು. ಅಂದರೆ ಬೇಳೆಯ ಖರ್ಚು ಊಟಕ್ಕೆ 25 ರೂಪಾಯಿ ಒಳಗೇ. ಊಟ ಕೊಡುವುದು 150ಕ್ಕೆ. ಕಾಲ ಅಲ್ಲದ ಕಾಲದಲ್ಲಿ 180 ಮಾಡಿದೆ, ಒಬ್ಬರೂ ತಕರಾರು ತೆಗೆಯಲಿಲ್ಲ. ಫ್ರೀಜರ್ ದುಡ್ಡು ಒಂದೇ ವರ್ಷಕ್ಕೆ ಬಂತು.

ಒಂದು ಹೊಡೆತ ಬಿತ್ತು. ಏಪ್ರಿಲ್ ಬಿಸಿಲಲ್ಲಿ ನಾವು ಊರಲ್ಲಿ ಇಲ್ಲದಾಗ ದಿನಪೂರ್ತಿ ಕರೆಂಟ್ ಇರಲಿಲ್ಲ. ಮೇಲಿನ ಸಾಲಿನ ಪೊಟ್ಟಣಗಳು ಕರಗಿ ಮತ್ತೆ ಗಟ್ಟಿಯಾಗಿದ್ದವು. ಆರೇಳು ಪೊಟ್ಟಣ ಎಸೆದೆ. ಅವನ್ನು ಗಿರಾಕಿಗೆ ಕೊಡುವ ಮಾತೇ ಇಲ್ಲ. ಈಗ ಖಾಲಿ ಜಾಗದಲ್ಲೆಲ್ಲ ನೀರಿನ ಬಾಟಲಿ ಹೆಪ್ಪುಗಟ್ಟಿಸಿಟ್ಟಿದ್ದೇನೆ, ನಾಲ್ಕೈದು ಗಂಟೆ ಕರೆಂಟ್ ಹೋದರೂ ಅಲ್ಲಾಡುವುದಿಲ್ಲ.

ಇದರ ಮಧ್ಯೆ ಬೇರೆ ಪ್ರಯೋಗಗಳೂ ಆದವು. ಕಾಯಿ ಸಿಪ್ಪೆ ರಾಶಿ ಬೀಳುತ್ತದಲ್ಲ, ಅದನ್ನು ಕುದಿಸಿ ಸತ್ವ ತೆಗೆದು ಐಸ್ ತಟ್ಟೆಯಲ್ಲಿ ಇಟ್ಟೆ. ಬರೀ ಕಹಿ ಬಂತು. ಜಿಡ್ಡು ನೀರಲ್ಲಿ ತೊಳೆದು ಹೋಗುತ್ತದೆ, ಆದರೆ ಕರಗಿ ಸತ್ವವಾಗಿ ಉಳಿಯುವುದಿಲ್ಲ. ಅದನ್ನೇ ಕಡಲೆಕಾಯಿ ಎಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಬಾಡಿಸಿದಾಗ ಎಣ್ಣೆಗೆ ಸ್ವಲ್ಪ ಘಮ ಹತ್ತಿತು. ಇದು ಒಗ್ಗರಣೆಗೆ ಆಗಬಹುದು, ಇನ್ನೂ ಪಳಗಿಲ್ಲ. ತಾರಸಿಯಲ್ಲಿ ಬೇಳೆ ಒಣಗಿಸಿದ್ದೂ ಇದೆ. ಬೆಳಗಿನ ಇಬ್ಬನಿ ಒಂದು ಕಡೆ, ಪಾರಿವಾಳ ಇನ್ನೊಂದು ಕಡೆ. ಒಣಗಿದ ಬೇಳೆ ಕರಿದು ಮಿಕ್ಸ್‌ಚರ್ ಮಾಡಲು ಚೆನ್ನ, ಸಾರಿಗೆ ಅಲ್ಲ. ತೊಗರಿಕಾಯಿ ಕಾಳಿಗೆ ಇದೇ ಹಬೆ ಎರಡು ನಿಮಿಷ ಸಾಕು. ಉಪ್ಸಾರಿಗೆ ಸೊಗಸಾಗಿ ಒದಗುತ್ತದೆ.

ಪೊಟ್ಟಣ ಎಷ್ಟು ದಿನ ತಡೆಯುತ್ತದೆ ಅಂತ ಕೇಳುತ್ತೀರಿ. ಗೌರಿ ಹಬ್ಬದವರೆಗೆ ನಿಶ್ಚಿಂತೆಯಿಂದ ಸಾರು ಮಾಡಿ. ದಸರಾ ಹೊತ್ತಿಗೆ ಘಮ ಇಳಿಯುತ್ತದೆ. ದೀಪಾವಳಿಗೆ ಉಳಿದದ್ದನ್ನು ಹಿತಕದೆ ಹಾಗೇ ಬೇಯಿಸಿ, ಸಬ್ಬಸಿಗೆ ಸೊಪ್ಪು ಸೇರಿಸಿ ಅಕ್ಕಿ ರೊಟ್ಟಿಗೆ ಹಾಕುತ್ತೇನೆ. ಅಷ್ಟರಲ್ಲಿ ಮಾರ್ಕೆಟ್ಟಿಗೆ ಹೊಸ ಕಾಯಿ ಇಣುಕಿರುತ್ತದೆ. ಆ ಮೊದಲ ಕಾಯನ್ನು ತಂದು ತಿನ್ನಿ, ಫ್ರೀಜರ್‌ಗೆ ಮಾತ್ರ ಡಿಸೆಂಬರ್ ಕೊನೆಯವರೆಗೆ ಕಾಯಿರಿ.