ಆಲೋಚನೆಯ ವಹಿ ಬರೆಯುವುದು ಹೇಗೆ?

ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಅರಿವಿನ ವರ್ತನಾ ಚಿಕಿತ್ಸೆಯು (ಸಿಬಿಟಿ), ನಡೆದ ಘಟನೆಗಿಂತ ಅದಕ್ಕೆ ನಾವು ಹಚ್ಚುವ ಅರ್ಥವೇ ಹಲವು ಸಲ ಮನಸ್ಸನ್ನು ಕುಗ್ಗಿಸುತ್ತದೆ ಎಂಬ ತಿಳಿವಳಿಕೆಯ ಮೇಲೆ ನಿಂತಿದೆ. ಸಾಮಾನ್ಯವಾಗಿ ವಾರಕ್ಕೊಂದರಂತೆ 12ರಿಂದ 20 ಭೇಟಿಗಳಲ್ಲಿ ಇದು ನಡೆಯುತ್ತದೆ. ನಡುವಿನ ದಿನಗಳಲ್ಲಿ ಮನೆಯಲ್ಲಿ, ಮನಸ್ಸು ಕುಗ್ಗಿದ ಸಂದರ್ಭವನ್ನೂ ಆಗ ಬಂದ ಆಲೋಚನೆಯನ್ನೂ ಅಂಕಣಗಳಲ್ಲಿ ದಾಖಲಿಸುವ ವಹಿ ಬರೆಯಬೇಕು. ವಿಜಯಪುರದಲ್ಲಿ ಆಪ್ತಸಮಾಲೋಚನೆ ಮಾಡುವ ನಾನು ನೋಡಿದ ಬಹುತೇಕ ವಹಿಗಳು ಮೂರನೆಯ ಅಂಕಣದಲ್ಲೇ ಎಡವಿರುತ್ತವೆ.

ಮೊದಲು ಸಾದಾ ನೋಟ್‌ಬುಕ್ಕಿನಲ್ಲಿ ಸಂದರ್ಭ, ಭಾವನೆ, ಆಲೋಚನೆ, ಪುರಾವೆ, ಪರ್ಯಾಯ ಆಲೋಚನೆ ಎಂದು ಐದು ಅಂಕಣ ಎಳೆಯಿರಿ. ಪುಟಕ್ಕೊಂದು ಸುವಿಚಾರ ಅಚ್ಚಾದ ದುಬಾರಿ ಡೈರಿಯಲ್ಲಿ ಬರೆಯಲು ಜಾಗವೇ ಇರುವುದಿಲ್ಲ.

ನಂತರ ಸಂದರ್ಭವನ್ನು ಅದೇ ದಿನ ಒಂದು ಸಾಲಿನಲ್ಲಿ ಬರೆದು, ಭಾವನೆಗೆ 0ರಿಂದ 100ರೊಳಗೆ ಅಂಕ ಕೊಡಿ. ರವಿವಾರ ರಾತ್ರಿ ಕುಳಿತು ಇಡೀ ವಾರದ್ದನ್ನು ತುಂಬಿಸುವ ಜಾಣತನ ಬೇಡ.

ಮೂರನೆಯದು ಆಲೋಚನೆ. ಗಾಂಧಿ ಚೌಕದಲ್ಲಿ ಕಾಕಾ ಮಾತನಾಡಿಸದೆ ಬೈಕಿನಲ್ಲಿ ಹೋದರೆಂದು ನೊಂದ ಯುವಕನೊಬ್ಬ ಈ ಅಂಕಣದಲ್ಲಿ ‘ಭಾಳ ಬ್ಯಾಸರಾತು’ ಎಂದು ಬರೆದಿದ್ದ. ಬೇಸರ ಭಾವನೆ, ಅದರ ಜಾಗ ಎರಡನೆಯ ಅಂಕಣ. ಬೇಸರವಾದ ಆ ಗಳಿಗೆಯಲ್ಲಿ ತಲೆಯೊಳಗೆ ಯಾವ ಮಾತು ಹಾದುಹೋಯಿತು ಎಂದು ಕೇಳಿದಾಗ, ಬಹಳ ಹೊತ್ತು ಪೆನ್ನಿನ ಮುಚ್ಚಳ ತಿರುವುತ್ತ ಕುಳಿತಿದ್ದು, ‘ಕೆಲಸಿಲ್ಲದಾಂವ ಅಂತ ಕಾಕಾ ನನ್ನ ಲೆಕ್ಕಕ್ಕs ಹಿಡಿಯಂಗಿಲ್ಲ’ ಎಂದು ಬರೆದ. ಬೇಕಾದದ್ದು ಇದೇ, ಮತ್ತು ಮನೆಮಾತಿನಲ್ಲೇ ಬೇಕು; ಗ್ರಂಥಭಾಷೆಗೆ ತಿದ್ದಿದ ಆಲೋಚನೆಯಲ್ಲಿ ಚುಚ್ಚುವ ಮುಳ್ಳು ಕಳೆದುಹೋಗಿರುತ್ತದೆ.

ಪುರಾವೆಯಲ್ಲಿ ಕಂಡದ್ದನ್ನು, ಕೇಳಿದ್ದನ್ನು ಮಾತ್ರ ಎರಡೂ ಪಕ್ಷದಿಂದ ಬರೆಯಿರಿ. ಕಾಕಾ ಮಾತನಾಡಿಸಲಿಲ್ಲ ಎಂಬುದು ಪುರಾವೆ. ಹೆಲ್ಮೆಟ್ ಹಾಕಿದ್ದರು, ಹಿಂದಿನ ವಾರ ಊಟಕ್ಕೆ ಕರೆದಿದ್ದರು ಎಂಬುದೂ ಪುರಾವೆ. ‘ನನಗೆ ಹಾಗನ್ನಿಸಿತು’ ಎಂಬುದು ಅಲ್ಲ.

ಕೊನೆಯ ಅಂಕಣದಲ್ಲಿ ‘ಕಾಕಾನಿಗೆ ನಾನೆಂದರೆ ಪ್ರಾಣ’ ಎಂಬ ಸಕ್ಕರೆ ಮಾತು ಬರೆದರೆ ಮನಸ್ಸು ನಂಬುವುದಿಲ್ಲ. ಮೊಬೈಲ್ ಆ್ಯಪ್‌ಗಳು ದಿನವೂ ಕಳಿಸುವ ‘ಎಲ್ಲ ಒಳ್ಳೆಯದಾಗುತ್ತದೆ’ ಎಂಬ ಸಂದೇಶಗಳನ್ನು ನಾನು ಬಂದ್ ಮಾಡಿಸುವುದೂ ಇದಕ್ಕಾಗಿಯೇ. ‘ಕಾಕಾ ನೋಡಿರಲಿಕ್ಕಿಲ್ಲ, ಫೋನ್ ಮಾಡಿ ಕೇಳಬಹುದು’ ಎಂದು ಬರೆದು ನಿಜಕ್ಕೂ ಫೋನ್ ಮಾಡಬೇಕು. ಚಿಕಿತ್ಸೆಯ ಹೆಸರಿನಲ್ಲಿರುವ ವರ್ತನೆ ಎಂಬ ಪದಕ್ಕೆ ಅರ್ಥ ಬರುವುದು ಅಲ್ಲಿ. ಮತ್ತೆ ಅಂಕ ಕೊಟ್ಟಾಗ 80 ಇದ್ದ ಬೇಸರ 50ಕ್ಕೆ ಇಳಿದರೂ ಸಾಕು.

ಬದುಕೇ ಬೇಡವೆನ್ನಿಸುತ್ತಿದ್ದರೆ ಮಾತ್ರ ಒಬ್ಬರೇ ವಹಿ ಹಿಡಿದು ಕೂರಬಾರದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು.