ಹಳೆ ಮೇಲ್‌ಗೆ ಲಿಂಕ್ ಕೊಡುವಾಗ ನಾನು ಹಿಡಿಯುವ ದಾರಿ

ಗಂಗಾವತಿಯ ಅಕ್ಕಿ ಗಿರಣಿಗಳಿಗೆ ವೇಬ್ರಿಜ್ ತೂಕ ದಾಖಲಿಸುವ ಸಾಫ್ಟ್‌ವೇರ್ ಮಾಡಿಕೊಡುತ್ತೇನೆ. ಕಂಪ್ಯೂಟರ್‌ನಲ್ಲಿ ಲಿನಕ್ಸ್ ಇದೆ. ತೂಕದ ಅಂಕಿ ಯುಎಸ್‌ಬಿ-ಸೀರಿಯಲ್ ಕೇಬಲ್ಲಿನಲ್ಲಿ ಬರುತ್ತದೆ. ಸುಗ್ಗಿಯಲ್ಲಿ ಭತ್ತದ ಲಾರಿಗಳು ಸಾಲುಗಟ್ಟಿದಾಗಲೇ ಫೋನ್ ಬರೋದು: "ಸರ್, ತೂಕ ಬರವಲ್ದು ನೋಡ್ರಿ."

ಆಗ ಆ ಕೇಬಲ್ಲನ್ನು ನಡೆಸುವ ಲಿನಕ್ಸ್ ಡ್ರೈವರ್‌ನ ಕೋಡ್ ಓದಿದರಷ್ಟೇ ಸಾಲದು. ಅದರ ಒಂದು ಸಾಲು ಯಾಕೆ ಹಾಗಿದೆ ಅಂತ ಗೊತ್ತಾಗಬೇಕು. ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿ 'ಬ್ಲೇಮ್' ಆಜ್ಞೆ ಕೊಟ್ಟರೆ ಆ ಸಾಲಿನ ಕಮಿಟ್, ಅಂದರೆ ಟಿಪ್ಪಣಿ ಸಮೇತ ದಾಖಲಾದ ಬದಲಾವಣೆ, ಸಿಗುತ್ತದೆ. ಲಿನಕ್ಸ್‌ನ ತಿರುಳಾದ ಕರ್ನಲ್‌ನ ಕಮಿಟ್ ಟಿಪ್ಪಣಿಗಳ ಕೊನೆಯಲ್ಲಿ ಬಹಳ ಸಲ 'ಲಿಂಕ್' ಅಂತ ಒಂದು ಸಾಲು ಇರುತ್ತದೆ. ಅದನ್ನು ತೆರೆದರೆ ಡೆವಲಪರ್‌ಗಳ ಮೇಲ್ ಚರ್ಚೆ ಕಾಣುತ್ತದೆ. ಯಾರು ಬೇಡ ಅಂದರು, ಮೊದಲ ಪ್ಯಾಚ್ (ಸೂಚಿಸಿದ ಬದಲಾವಣೆ) ಯಾಕೆ ಒಪ್ಪಿಗೆಯಾಗಲಿಲ್ಲ, ಯಾವ ಚಿಪ್ ಮೇಲೆ ಪರೀಕ್ಷೆ ಆಯಿತು ಅನ್ನೋದೆಲ್ಲ ಸಿಗುವುದು ಅಲ್ಲೇ.

ಆದರೆ ಎಲ್ಲ ಲಿಂಕೂ ಬಾಳುವುದಿಲ್ಲ. ಜಿಮೇನ್ ಎಂಬ ಮೇಲ್ ಸಂಗ್ರಹ 2002ರಲ್ಲಿ ಶುರುವಾಗಿತ್ತು. ಜನ ವರ್ಷಗಟ್ಟಲೆ ಅದಕ್ಕೇ ಲಿಂಕ್ ಕೊಟ್ಟರು. 2016ರಲ್ಲಿ ಅದರ ವೆಬ್‌ಸೈಟ್ ನಿಂತಿತು. ಆ ವಿಳಾಸಗಳಲ್ಲಿದ್ದದ್ದು ಜಿಮೇನ್ ತಾನೇ ಹಾಕಿದ ಕ್ರಮಸಂಖ್ಯೆ. ಬೇರೆ ಸಂಗ್ರಹದಲ್ಲಿ ಆ ಸಂಖ್ಯೆಗೆ ಅರ್ಥವೇ ಇಲ್ಲ.

ಅದಕ್ಕೇ ನಾನು ಮೆಸೇಜ್-ಐಡಿ ಹಿಡಿಯುತ್ತೇನೆ. ಅದು ಮೇಲ್‌ನ ಹೆಡರ್‌ನಲ್ಲೇ (ತಲೆಭಾಗದ ವಿವರಗಳಲ್ಲೇ) ಇರುತ್ತದೆ, ಒಂದೊಂದು ಮೇಲ್‌ಗೂ ಬೇರೆ ಬೇರೆ. ಲಾರಿ ಯಾವ ಗಿರಣಿ ಮುಂದೆ ನಿಂತರೂ ನಂಬರ್ ಪ್ಲೇಟ್ ಅದೇ ಅಲ್ವಾ, ಹಾಗೆ. ಕರ್ನಲ್ ಮೇಲ್‌ಗಳ ಸಂಗ್ರಹವಾಗಿ 2018ರಲ್ಲಿ ಬಂದ ಲೋರ್ ಡಾಟ್ ಕರ್ನಲ್ ಡಾಟ್ ಆರ್ಗ್ ತಾಣದ ವಿಳಾಸಗಳು ಈ ಐಡಿಯಿಂದಲೇ ಆಗುತ್ತವೆ. ಹೆಡರ್‌ನಿಂದ ನಕಲು ಮಾಡುವಾಗ ಸುತ್ತಲಿನ ಬ್ರಾಕೆಟ್ ಬಿಟ್ಟರೆ ಸಾಕು. ಅಲ್ಲಿನ ಮೇಲ್‌ಗಳು ಗಿಟ್‌ನಲ್ಲೇ ಇರುವುದರಿಂದ ಯಾರು ಬೇಕಾದರೂ ಪೂರ್ತಿ ಪ್ರತಿ ಇಳಿಸಿಕೊಳ್ಳಬಹುದು. ನಾಳೆ ತಾಣ ನಿಂತರೂ ಅದೇ ಐಡಿ ಆ ಪ್ರತಿಯಲ್ಲಿ ಸಿಗುತ್ತದೆ. ನನಗೆ ಇದು ತುಂಬಾ ದೊಡ್ಡ ವಿಷಯ.

ನನ್ನ ಕಮಿಟ್‌ನಲ್ಲಿ ಬರೀ ಲಿಂಕ್ ಹಾಕಿ ಬಿಡುವುದಿಲ್ಲ. ಗಿರಣಿಯಲ್ಲಿ ಎಷ್ಟೋ ಸಲ ನೆಟ್ ಇರುವುದಿಲ್ಲ, ಗಿಟ್ ಲಾಗ್ (ಕಮಿಟ್‌ಗಳ ಪಟ್ಟಿ) ಮಾತ್ರ ಕೈಯಲ್ಲಿರುತ್ತದೆ. ಹಾಗಾಗಿ ಮೊದಲು ಕಾರಣ: "ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿದರೆ ಪೋರ್ಟಿನ ಹೆಸರು ಟಿಟಿವೈ-ಯುಎಸ್‌ಬಿ ಸೊನ್ನೆ ಹೋಗಿ ಒಂದು ಆಗಬಹುದು. ಪೋರ್ಟನ್ನು ಸಾಧನದ ಗುರುತಿನಿಂದ ಬರುವ ಬೈ-ಐಡಿ ಹೆಸರಿನಿಂದ ತೆರೆಯಬೇಕು." ಆಮೇಲೆ ಲಿಂಕ್.

ಉದ್ದದ ಚರ್ಚೆಯಾದರೆ ಮೊದಲ ಮೇಲ್‌ಗೆ ಲಿಂಕ್ ಕೊಡಬೇಡಿ. ಓದುವವರು ಸುಮ್ನೆ ಅಲೆಯಬೇಕಾಗುತ್ತದೆ. ನಿರ್ಧಾರ ಯಾವ ಉತ್ತರದಲ್ಲಿ ಆಯಿತೋ, ಆ ಮೇಲ್‌ನ ಐಡಿಯನ್ನೇ ಹಾಕಿ.